ಅವ್ವನ ಬೆನ್ನಿನ ಮಚ್ಚೆ

ನಮ್ಮ ಮನೆಯಲ್ಲಿ ಕವಿತೆ ಹುಟ್ಟುತ್ತಿದ್ದುದು ದಿವಾನಖಾನೆಯಲ್ಲಿ, ರೊಟ್ಟಿ ಹುಟ್ಟುತ್ತಿದ್ದುದು ಅಡುಗೆಮನೆಯಲ್ಲಿ, ನಡುವೆ ಒಂದು ಅಂಗಳ. ಬಸವಕಲ್ಯಾಣದ ಹಳೆಯ ಓಣಿಯಲ್ಲಿ ಕರಿಕಲ್ಲಿನಲ್ಲಿ ಕಟ್ಟಿದ, ಮಣ್ಣಿನ ಮಾಳಿಗೆಯ ಮನೆ ಅದು. ತಲೆಬಾಗಿಲು ದಾಟಿದ ಕೂಡಲೇ ಎಡಕ್ಕೆ ದಿವಾನಖಾನೆ. ಗಂಡಸರು ಕೂತು ಮಾತಾಡುವ ಆ ಕೋಣೆಯಲ್ಲಿ ಗಾದಿಯ ಮೇಲೆ ಹಾಸಿದ ಬಿಳಿ ಚಾದರು, ಒರಗಿಕೊಳ್ಳಲು ಲೋಡುಗಳು, ಗೂಡಿನಲ್ಲಿ ಹಿತ್ತಾಳೆಯ ಪಾನದಾನಿ. ಅಂಗಳದ ಆಚೆ ಪಡಸಾಲೆ. ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಪಕ್ಕದಲ್ಲಿ ಲಿಂಗಪೂಜೆಯ ಚಿಕ್ಕ ಕೋಣೆ. ಬೆಳಿಗ್ಗೆ ಎಲ್ಲರ ಹಣೆಗೂ ವಿಭೂತಿ ಬೀಳುವ ತನಕ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಆಮೇಲೆ ಅಪ್ಪನ ಗುನುಗು ಮತ್ತು ಅವ್ವ ರೊಟ್ಟಿ ಬಡಿಯುವ ಸದ್ದು ಎರಡೂ ಒಟ್ಟಿಗೆ ಶುರುವಾಗುತ್ತಿದ್ದವು. ಅಂಗಳದಲ್ಲಿ ನಿಂತರೆ ಎರಡೂ ಕೇಳುತ್ತಿದ್ದವು. ನನ್ನ ಬಾಲ್ಯವೆಲ್ಲ ಕಳೆದದ್ದು ಆ ಅಂಗಳದಲ್ಲೇ.

ಅಪ್ಪ ಗುರುನಾಥಪ್ಪನಿಗೆ ಬಜಾರಿನಲ್ಲಿ ಅರಿವೆ ಅಂಗಡಿ, ಮೋರಖಂಡಿಯಲ್ಲಿ ಹೊಲ. ಆದರೆ ಅವನ ಜೀವವಿದ್ದುದು ಕವಿತೆಯಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತು ಬೆಳೆದವನು. ನಮ್ಮ ಸೀಮೆ ಕನ್ನಡ ರಾಜ್ಯಕ್ಕೆ ಸೇರಿದ ಮೇಲೆ, ಉರ್ದುವಿನಲ್ಲಿ ಆಗುವುದೆಲ್ಲ ಕನ್ನಡದಲ್ಲೂ ಆಗಬೇಕು ಎಂದು ಹಟ ತೊಟ್ಟಿದ್ದ. ಭಾನುವಾರ ಊಟವಾದ ಮೇಲೆ ಅವನ ಗೆಳೆಯರು ಬರುತ್ತಿದ್ದರು. ಒಬ್ಬರು ಹೊಸದು ಓದಿದರೆ ಉಳಿದವರು ತೊಡೆ ತಟ್ಟಿ ‘ವಾಹ್ವಾ’ ಎನ್ನುವರು. ಅವ್ವ ಕಳಿಸಿದ ಚುರುಮುರಿಯ ಸುಸಲಾ, ಚಹಾ ಹಿಡಿದು ನಾನು ಒಳಗೆ ಹೋದರೆ ಅಪ್ಪ ಹೊರಗೆ ಅಟ್ಟುತ್ತಿರಲಿಲ್ಲ, ತೊಡೆಯ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಅವನ ಕವಿತೆಗಳೆಲ್ಲ ನನಗೆ ಬಾಯಿಪಾಠ. ಅವನೇ ಎಲ್ಲಾದರೂ ಮರೆತರೆ ಸಾಲು ಎತ್ತಿಕೊಡುತ್ತಿದ್ದವಳು ನಾನು. ಅವು ಹೆಚ್ಚುಕಮ್ಮಿ ಎಲ್ಲವೂ ಹೆಂಗಸರ ಮೇಲಿನವು. ಕಣ್ಣು, ಜಡೆ, ನಡು, ನಡಿಗೆ. ಹೆಂಗಸೆಂದರೆ ಇಷ್ಟು ಚಂದ ಎಂದು ನನಗೆ ಗೊತ್ತಾದದ್ದೇ ಆ ಕೋಣೆಯಲ್ಲಿ. ದೊಡ್ಡವಳಾದ ಮೇಲೆ ನಾನೂ ಅಪ್ಪನಂತೆ ಬರೆಯುತ್ತೇನೆಂದು ಓಣಿಯ ಗೆಳತಿಯರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ನನಗೆ ಹನ್ನೊಂದು ತುಂಬಿದ ವರ್ಷ ಅಪ್ಪ ಬರೆದ ಒಂದು ಹಾಡು ಅವನ ಹೆಸರನ್ನು ದೂರದೂರಕ್ಕೆ ಒಯ್ದಿತು. ನೀರಿನ ಕೊಡ ಹೊತ್ತು ನಡೆಯುವ ಹೆಂಗಸನ್ನು ಹಿಂದಿನಿಂದ ನೋಡುತ್ತ ಕಟ್ಟಿದ ಹಾಡು. ಅದರ ಕೊನೆಯ ನುಡಿ ಇದು:

‘ತುಳುಕುವ ಕೊಡದಿಂದ ಬೆನ್ನಿಗಿಳಿದ ಹನಿಯೇ,
ನಿನ್ನ ದಾರಿಯ ಇಂದು ನನಗೆ ಕೊಡು.
ಭುಜದ ಕೆಳಗಿನ ಕರಿಯ ಮಚ್ಚೆಯ ಬಳಿಗೆ ಬಂದು
ನಿಂತುಬಿಡುವೆ ನಾನು, ನೀನು ಮುಂದೆ ನಡೆ.’

ಭಜನೆಯ ಹಾರ್ಮೋನಿಯಂ ಪೇಟಿ ಬಾರಿಸುವವನೊಬ್ಬ ಇದಕ್ಕೆ ರಾಗ ಹಾಕಿದ. ಸ್ವಲ್ಪ ದಿನಗಳಲ್ಲೇ ಅದು ಚಹಾದ ಅಂಗಡಿ, ಸೈಕಲ್ ಅಂಗಡಿ ದಾಟಿ ಮುಡಬಿಯ ಬಸ್ಸಿನಲ್ಲೂ ಕೇಳತೊಡಗಿತು. ಅಪ್ಪ ಆ ದಿನಗಳಲ್ಲಿ ಬಜಾರಿನಲ್ಲಿ ನಡೆಯುತ್ತಿದ್ದ ರೀತಿಯೇ ಬೇರೆಯಾಗಿತ್ತು.

ಒಂದು ದಿನ ಅವ್ವ ಬಳೆ ತೊಡಿಸಿಕೊಳ್ಳಲು ನನ್ನನ್ನು ಕರೆದುಕೊಂಡು ಬಜಾರಿಗೆ ಹೊರಟಳು. ದಾರಿಯ ಪಕ್ಕದ ಕಟ್ಟೆಯ ಮೇಲೆ ನಾಲ್ಕಾರು ಪಡ್ಡೆ ಹುಡುಗರು ಕೂತಿದ್ದರು. ನಾವು ದಾಟಿ ಹೋದ ಮೇಲೆ ಹಿಂದಿನಿಂದ ಒಬ್ಬ ಮೆಲ್ಲಗೆ ‘ಕರಿಯ ಮಚ್ಚೆಯ ಬಳಿಗೆ ಬಂದು’ ಎಂದು ಎಳೆದ. ಉಳಿದವರು ನಕ್ಕರು. ಇನ್ನೊಬ್ಬ ಹೇಳಿದ:

‘ಏ, ಸುಮ್ನಿರೋ. ಶಾಯರ್ ಸಾಹೇಬರ ಮನಿಯವರು ಅವರು. ಮಚ್ಚಿ ಅವರದೇ ಇರಬೇಕು!’

ನನಗೆ ಮೊದಲು ಹೆಮ್ಮೆಯಾಯಿತು, ಅಪ್ಪನ ಹಾಡಲ್ಲವೇ. ಅವ್ವನ ಮುಖ ನೋಡಿದ ಮೇಲೆ ಆ ಹೆಮ್ಮೆ ಉಳಿಯಲಿಲ್ಲ. ಅವಳು ಸೆರಗನ್ನು ಬೆನ್ನಿನ ಸುತ್ತ ಬಿಗಿದುಕೊಂಡು, ಬಳೆಯ ಅಂಗಡಿಗೂ ಹೋಗದೆ, ನೇರ ಮನೆಗೆ ನಡೆದಳು. ಅವಳಿಗೆ ಎಡಭುಜದ ಕೆಳಗೆ ಒಂದು ಕರಿ ಮಚ್ಚೆ ಇತ್ತು. ಎರೆದುಕೊಳ್ಳುವಾಗ ಬೆನ್ನು ತಿಕ್ಕುತ್ತಿದ್ದವಳು ನಾನೇ, ಆದ್ದರಿಂದ ನನಗೆ ಗೊತ್ತು. ಊರಲ್ಲಿ ಇನ್ಯಾರಿಗೂ ಗೊತ್ತಿರಬೇಕಾದ ಕಾರಣವಿರಲಿಲ್ಲ.

ಮನೆಗೆ ಬಂದವಳು ಅಡುಗೆಮನೆಯಲ್ಲಿ ಕೂತು ಹೇಳಿದಳು:

‘ಕಸ್ತೂರಿ, ಆ ಹಾಡು ಪೂರಾ ಹೇಳು.’

ನಾನು ಹೇಳಿದೆ. ಅವ್ವ ಹುಮನಾಬಾದಿನ ತವರಿನಲ್ಲಿ ಅಕ್ಷರ ಕಲಿತವಳು, ಹಾಡು ಬಲ್ಲವಳು. ಅಪ್ಪ ಮಾತ್ರ ಎಂದೂ ತನ್ನದೊಂದು ಸಾಲನ್ನೂ ಅವಳ ಮುಂದೆ ಓದಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು. ಹನಿ ಬೆನ್ನಿಗಿಳಿಯುವ ಕಡೆ ಅವಳ ತುಟಿಯ ತುದಿಯಲ್ಲಿ ನಗು ಬಂದು ಹೋದುದನ್ನು ನಾನು ನೋಡಿದೆ.

‘ಛಲೋ ಅದ’ ಎಂದಳು. ಒಲೆಗೆ ಕಟ್ಟಿಗೆ ದೂಡುತ್ತ, ‘ಛಲೋ ಅದ ಅಂತೇ ಸಿಟ್ಟು ಬರಾಕತ್ತದ’ ಎಂದಳು.

ಆ ದಿನ ಸಂಜೆ ಅಪ್ಪ ಊಟಕ್ಕೆ ಕೂತ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಪಡಸಾಲೆಯ ಕಂಬಕ್ಕೆ ಒರಗಿ ಆಯಿ, ಅಂದರೆ ಅಪ್ಪನ ತಾಯಿ, ಬತ್ತಿ ಹೊಸೆಯುತ್ತಿದ್ದಳು. ಅವ್ವ ಎರಡನೇ ರೊಟ್ಟಿ ಹಾಕುತ್ತ ಕೇಳಿದಳು:

‘ಆ ಮಚ್ಚಿ ಯಾರದ್ರಿ?’

ಅಪ್ಪ ತಲೆ ಎತ್ತಲಿಲ್ಲ.

‘ಕಾವ್ಯದಾಗ ಹಂಗ ಕೇಳಬಾರದು. ಅದು ಒಬ್ಬಾಕೀದಲ್ಲ, ಎಲ್ಲಾ ಹೆಂಗಸರದು.’

‘ಎಲ್ಲಾ ಹೆಂಗಸರಿಗೂ ಅದೇ ಜಾಗಾದಾಗ ಇರ್ತದೇನ್ರಿ?’

ಆಯಿಯ ಕೈ ನಿಂತಿತು. ಅಪ್ಪ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಹೇಳಿದ:

‘ನಾ ಏನು ಬೈದೀನೇನು? ಹೊಗಳೀನಿ. ಹೊಗಳಿದ್ರ ಸಿಟ್ಟಾಗೋ ಹೆಂಗಸನ್ನ ಇವತ್ತೇ ನೋಡಾಕತ್ತೀನಿ.’

‘ಹೊಗಳೀರಿ, ಖರೇ ಅದ. ಊರಿಗೆಲ್ಲ ಹೇಳೀರಿ, ನನಗೊಂದು ಮಾತು ಹೇಳೀರೇನು? ಕಟ್ಟಿ ಮ್ಯಾಲ ಕುಂತ ಹುಡುಗೂರು ಇವತ್ತ ನನ್ನ ಬೆನ್ನಿಗೆ ನಿಮ್ಮ ಹಾಡು ಒಗದ್ರು.’

‘ಅವರು ಲುಚ್ಚಾ ಮಂದಿ. ಅದಕ್ಕ ಹಾಡು ಏನು ಮಾಡ್ತದ?’

‘ಹಾಡಿನ್ಯಾಗೂ ಅದೇ ಅದರೀ. ಆಕಿ ಹೊಂಟಾಳ, ಇಂವ ಹಿಂದ ನೋಡಾಕತ್ತಾನ. ಆಕಿ ಎಲ್ಲಿಗೆ ಹೊಂಟಾಳ, ಆ ನೀರು ಯಾರಿಗೆ, ಆಕಿಗೆ ಇಂವ ಪಸಂದ ಅದಾನೋ ಇಲ್ಲೋ, ಒಂದಾರ ಅದರಾಗ ಅದೇನು? ಬಾಯಿ ಇಲ್ಲ ಆಕಿಗೆ. ಮಾರೀನೇ ಇಲ್ಲ.’

ಅಪ್ಪನಿಗೆ ಅದು ತಾಗಿತು. ಗೆಳೆಯರು ಯಾರೂ ಅವನ ಹಾಡಿನಲ್ಲಿ ಇಂಥ ಕೊರತೆ ತೋರಿಸಿರಲಿಲ್ಲ. ‘ಕಾವ್ಯ ತಿಳೀಲಾರದವರ ಮುಂದ ಏನು ಮಾತಾಡೋದು’ ಎಂದು ತಾಟಿನಲ್ಲೇ ಕೈ ತೊಳೆದು ಎದ್ದುಹೋದ. ಅವ್ವ ಅಳಲಿಲ್ಲ. ಉಳಿದ ರೊಟ್ಟಿ ಬುಟ್ಟಿಗೆ ಹಾಕಿ, ನನ್ನನ್ನು ಕರೆದು ಊಟಕ್ಕೆ ಕೂತಳು. ನಾನು ಯಾರ ಕಡೆ ಎಂದು ನನಗೇ ತಿಳಿಯಲಿಲ್ಲ. ಅಪ್ಪನ ಹಾಡು ನನಗೆ ಆಗಲೂ ಇಷ್ಟವೇ ಇತ್ತು, ಅವ್ವನ ಮಾತೂ ಸರಿ ಇತ್ತು. ಎರಡೂ ನಿಜವಾಗಿರಬಹುದೆಂಬುದು ಆ ವಯಸ್ಸಿಗೆ ಬಹಳ ಭಾರ. ಆಯಿ ಮಗನ ಪಕ್ಷ ವಹಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಬತ್ತಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತ, ಯಾರನ್ನೂ ನೋಡದೆ ಒಂದೇ ಮಾತು ಹೇಳಿದಳು:

‘ಸೊಸಿ ಕೇಳಿದ್ದು ಸವಾಲು. ಅದಕ್ಕ ಜವಾಬು ಆಗಲಿಲ್ಲ ಅದು.’

ಅದರ ನಂತರ ಮನೆಯಲ್ಲಿ ಮಾತು ಕಡಿಮೆಯಾಯಿತು. ಅಪ್ಪ ತನಗೆ ಬೇಕಾದದ್ದನ್ನು ನನ್ನ ಬಾಯಿಂದ ಕೇಳಿಸುತ್ತಿದ್ದ, ಅವ್ವ ನನ್ನ ಬಾಯಿಂದಲೇ ಉತ್ತರ ಕಳಿಸುತ್ತಿದ್ದಳು. ಭಾನುವಾರದ ಚಹಾ ನಿಲ್ಲಿಸಲಿಲ್ಲ, ಸುಸಲಾಕ್ಕೆ ಹುರಿದ ಶೇಂಗಾ ಹಾಕುವುದನ್ನು ಮಾತ್ರ ಬಿಟ್ಟಳು. ಗೆಳೆಯರಿಗೆ ಅದು ತಿಳಿಯಲಿಲ್ಲ. ಅಪ್ಪನಿಗೆ ತಿಳಿಯಿತು.

ಆ ದಿನಗಳಲ್ಲೇ ನನ್ನ ಸೋದರತ್ತೆಯ ಕುಬಸ ಬಂತು. ಬಸುರಿಯನ್ನು ಪಡಸಾಲೆಯಲ್ಲಿ ಹಸಿರು ಸೀರೆ ಉಡಿಸಿ ಕೂರಿಸಿ, ಮಡಿಲು ತುಂಬಿ, ಗಂಡಸರನ್ನೆಲ್ಲ ಆಚೆ ಕಳಿಸಿ ಹೆಂಗಸರು ಅಂಗಳದ ಬಾಗಿಲು ಹಾಕಿಕೊಂಡರು. ಆಯಿ ವಿಧವೆಯೆಂದು ನಮ್ಮಲ್ಲಿ ಯಾರೂ ಅವಳನ್ನು ದೂರ ಕೂರಿಸುತ್ತಿರಲಿಲ್ಲ. ಮೊದಲ ಹಾಡು ಅವಳದೇ. ಹೊಲದಲ್ಲಿ ನೀರು ಕಟ್ಟುತ್ತಿದ್ದ ತನ್ನ ಗಂಡ, ಅಂದರೆ ನನ್ನ ಮುತ್ಯಾನ ಮೊಣಕಾಲು, ಕೆಸರು ಹತ್ತಿದ ತೊಡೆ, ಬುತ್ತಿ ತಂದವಳನ್ನು ಕಂಡು ಅವನು ಸಲಿಕೆ ಬಿಟ್ಟ ರೀತಿ, ಬುತ್ತಿ ಆರಿದ ಕಥೆ, ಎಲ್ಲವನ್ನೂ ಹಾಡಿದಳು. ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ವಿಭೂತಿ ಧರಿಸಿ ಗಂಟೆಗಟ್ಟಲೆ ಪೂಜೆಗೆ ಕೂರುವ ನನ್ನ ಆಯಿಯ ಬಾಯಲ್ಲಿ ಇದೆಲ್ಲ ಇತ್ತೆ ಎಂದು ನಾನು ದಂಗಾದೆ. ಆದರೆ ಆ ಹಾಡಿನಲ್ಲಿ ಮುತ್ಯಾ ಮಾತಾಡುತ್ತಿದ್ದ. ಜಗಳ ಆಡುತ್ತಿದ್ದ, ಹಸಿವೆ ಎನ್ನುತ್ತಿದ್ದ, ನಾಚುತ್ತಿದ್ದ. ಸತ್ತು ಎಷ್ಟೋ ವರ್ಷಗಳಾದ ಮುತ್ಯಾ ನನಗೆ ಆ ಮಧ್ಯಾಹ್ನ ಎದ್ದು ಬಂದು ಕೂತಂತೆ ಕಂಡ.

ಎಲ್ಲರೂ ಹೋದ ಮೇಲೆ ಅವ್ವ ಹೂವಿನ ಎಸಳು ಗುಡಿಸುತ್ತಿದ್ದಳು. ಕಸಬರಿಗೆ ಹಿಡಿದೇ ನಿಂತು ಹೇಳಿದಳು:

‘ನೋಡ್ರಿ ಅತ್ತಿ, ನಾವೂ ಹಾಡ್ತೀವಿ, ಅವರೂ ಹಾಡ್ತಾರ. ಅವರು ಬಾಗಲಾ ತೆರದು ಹಾಡ್ತಾರ, ನಾವು ಬಾಗಲಾ ಹಾಕ್ಕೊಂಡು ಹಾಡ್ತೀವಿ. ಅದಕ್ಕೇ ಊರಿಗೆ ನಮ್ಮ ಬೆನ್ನು ಅಷ್ಟೇ ಮಾಲೂಮ ಅದ.’

‘ಹಂಗಾದ್ರ ತೆಗೀ ಬಾಗಲಾ’ ಎಂದಳು ಆಯಿ. ‘ಯಾರು ಹಿಡದಾರ ನಿನ್ನ ಕೈ?’

ಅವ್ವ ಬಾಗಿಲು ತೆಗೆದದ್ದು ತನ್ನ ತವರೂರಿನಲ್ಲಿ. ಸುಗ್ಗಿ ಮುಗಿದ ಮೇಲೆ ಹುಮನಾಬಾದಿನ ಹಕೀಮ ಸಾಹೇಬರ ಮನೆಯ ಅಂಗಳದಲ್ಲಿ ವರ್ಷಕ್ಕೊಮ್ಮೆ ಕವಿಗಳ ಮಜಲೀಸು ಕೂಡುತ್ತಿತ್ತು. ಉರ್ದು, ಕನ್ನಡ, ಮರಾಠಿ, ಯಾರು ಏನು ಬೇಕಾದರೂ ಹಾಡಬಹುದು. ಹಕೀಮ ಸಾಹೇಬರು ಬಿಳಿ ಗಡ್ಡದ, ತೆಳ್ಳಗಿನ ಮುದುಕರು. ಅಪ್ಪ ಅವರನ್ನು ಗುರುವೆಂದು ತಿಳಿದಿದ್ದ. ಆ ವರ್ಷ ಅಪ್ಪನ ಹಾಡು ಕೇಳಲೆಂದೇ ಜನ ತುಂಬಿದ್ದರು. ಹೆಂಗಸರಿಗೆ ಒಂದು ಪಕ್ಕದಲ್ಲಿ ಪರದೆ ಕಟ್ಟಿದ್ದರು. ಅದರ ಹಿಂದೆ ಅವ್ವ, ಆಯಿ, ನನ್ನ ಇಬ್ಬರು ಚಿಕ್ಕಮ್ಮಂದಿರು, ಅವ್ವನ ಬಾಲ್ಯದ ಗೆಳತಿಯರು. ನಾನು ಪರದೆಯ ಅಂಚಿನಲ್ಲಿ ಕೂತು ಎರಡೂ ಕಡೆ ನೋಡುತ್ತಿದ್ದೆ. ಇಳಿಹೊತ್ತಿನ ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು.

ಅಪ್ಪ ಎದ್ದು ನಿಂತು ಬೇರೆ ಹಾಡು ಶುರು ಮಾಡಿದ. ಜನ ಕೇಳಲಿಲ್ಲ. ‘ಮಚ್ಚಿ, ಮಚ್ಚಿ’ ಎಂದು ಕೂಗಿದರು. ಅಪ್ಪ ಒಮ್ಮೆ ಪರದೆಯ ಕಡೆ ನೋಡಿದ. ಆಮೇಲೆ ಹಾಡಿದ. ಎಂದಿನಷ್ಟು ಚೆನ್ನಾಗಿ ಹಾಡಲಿಲ್ಲ, ಜನಕ್ಕೆ ಅದು ಬೇಕಾಗಿಯೂ ಇರಲಿಲ್ಲ. ಕೊನೆಯ ಸಾಲನ್ನು ಎಲ್ಲರೂ ಸೇರಿ ಹೇಳಿದರು. ವಾಹ್ವಾ ನಿಲ್ಲುವ ಮೊದಲೇ ನನ್ನ ಪಕ್ಕದಲ್ಲಿ ಬಳೆಗಳ ಸದ್ದಾಯಿತು. ಅವ್ವ ಎದ್ದಿದ್ದಳು. ಆಯಿ ಅವಳ ಬೆನ್ನಿಗೆ, ಸರಿಯಾಗಿ ಮಚ್ಚೆಯ ಮೇಲೆ, ಅಂಗೈಯಿಟ್ಟು ಮುಂದಕ್ಕೆ ನೂಕಿದಳು. ಅವ್ವ ಪರದೆಯನ್ನು ಬದಿಗೆ ಸರಿಸಿ ಹೊರಗೆ ನಿಂತಳು.

‘ಹಕೀಮ ಸಾಬ್, ಆ ಹಾಡಿಗೆ ನಂದೊಂದು ಜವಾಬು ಅದರಿ. ಹಾಡ್ಲೇನ್ರಿ?’

ಯಾರೋ ಒಬ್ಬರು, ‘ಹೆಣ್ಣಮಕ್ಕಳು ಇಲ್ಲೆಲ್ಲಾ ಹ್ಯಾಂಗ…’ ಎಂದರು. ಹಕೀಮ ಸಾಹೇಬರು ಕೈ ಎತ್ತಿದರು.

‘ಸವಾಲು ಆಗ್ಯದ, ಜವಾಬು ಬಂದದ. ತಡೆಯೋದು ಮಜಲೀಸಿನ ರಿವಾಜಲ್ಲ. ಹಾಡು ಬೇಟಿ.’

ಅವ್ವ ಸೆರಗು ಹೊದ್ದು, ಗೋಡೆಯನ್ನಾಗಲಿ ನೆಲವನ್ನಾಗಲಿ ನೋಡದೆ ನೇರ ಅಪ್ಪನನ್ನೇ ನೋಡುತ್ತ ಹಾಡಿದಳು. ಬೀಸುವ ಕಲ್ಲಿನ ಮುಂದಿನ ಧಾಟಿ. ಕೊಡ ಹೊತ್ತ ಹೆಂಗಸು ದಾರಿಯಲ್ಲಿ ನಿಂತು ತಿರುಗುತ್ತಾಳೆ. ತನಗೆ ಕಾಲು ನೋಯುತ್ತಿದೆ ಎನ್ನುತ್ತಾಳೆ. ಬಾವಿ ದೂರ ಎನ್ನುತ್ತಾಳೆ. ಹಿಂದಿನಿಂದ ಬರುವವನ ಹೆಜ್ಜೆ ಗುರುತು ಹಿಡಿದೇ ತಾನು ಮೆಲ್ಲಗೆ ನಡೆದೆ ಎಂದೂ ಹೇಳುತ್ತಾಳೆ. ಅಲ್ಲಿ ಹೆಂಗಸರ ಕಡೆಯಿಂದ ಮೊದಲ ನಗು ಬಂತು. ಕೊನೆಗೆ:

‘ಬೆನ್ನ ಹಿಂದ ನಿಂತು ಹಾಡಾವ, ಮುಂದ ಬಾರೋ,
ಮಾರಿ ನೋಡಿದರ ನನ್ನ ನೀರಡಿಕಿ ತಿಳಿತದೋ.
ನನ್ನ ಮಚ್ಚಿ ಊರಿಗೆಲ್ಲ ತೋರಿಸಿದೀ,
ನಿನ್ನ ಮಚ್ಚಿ ನಾ ಬಲ್ಲೆ, ಹೇಳಲೇನೋ?’

ಪರದೆಯ ಹಿಂದೆ ನಗು ಒಡೆಯಿತು. ಕುಬಸದ ದಿನ ಬಾಗಿಲು ಹಾಕಿಕೊಂಡು ನಕ್ಕಿದ್ದರಲ್ಲ, ಅದೇ ನಗು ಈಗ ತೆರೆದ ಅಂಗಳದಲ್ಲಿ, ಗಂಡಸರ ನಡುವೆ. ಹಕೀಮ ಸಾಹೇಬರು ಎರಡೂ ಕೈ ಮೇಲೆತ್ತಿ ‘ಸುಭಾನಲ್ಲಾ’ ಎಂದರು. ಮುಂದಿನ ಸಾಲಿನವರು ಎದ್ದು ನಿಂತು ಅಪ್ಪನ ಕಡೆ ತಿರುಗಿ, ‘ಎಲ್ಲಿ ಅದ ಗುರುನಾಥಪ್ಪಾ, ಎಲ್ಲಿ ಅದ?’ ಎಂದು ಕೇಳತೊಡಗಿದರು. ಅಪ್ಪನ ಕಿವಿ ಕೆಂಪಾಗಿದ್ದವು. ಅವನ ಕೈ ತನಗರಿವಿಲ್ಲದೆ ಅಂಗಿಯ ಮೇಲಿನ ಗುಂಡಿ ಹುಡುಕುತ್ತಿತ್ತು. ಆ ಗುಂಡಿ ಹಾಕಿಯೇ ಇತ್ತು.

ಅವ್ವ ಕಾಯುತ್ತ ನಿಂತಿದ್ದಳು. ಮುಂದಿನ ಸಾಲು ಅವಳ ತುಟಿಯ ಮೇಲೇ ಇತ್ತು. ಎಲ್ಲರಿಗೂ ಅದು ಕಾಣುತ್ತಿತ್ತು. ಆದರೂ ಹೇಳಲಿಲ್ಲ. ಅಪ್ಪ ನಿಧಾನವಾಗಿ ಕೈಮುಗಿದ.

‘ಬ್ಯಾಡ ಜಗದೇವಿ, ಹೇಳಬ್ಯಾಡ. ಸೋತೆ ನಾ.’

ಅಪ್ಪ ಅವ್ವನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅವಳನ್ನು ಕರೆಯಬೇಕಾದರೂ ನನ್ನ ಹೆಸರನ್ನೇ ಕೂಗುತ್ತಿದ್ದ. ನಗು ಇನ್ನೂ ದೊಡ್ಡದಾಯಿತು, ಆದರೆ ಅದರಲ್ಲಿ ಕಟ್ಟೆಯ ಹುಡುಗರ ನಗುವಿನ ಹೊಲಸು ಇರಲಿಲ್ಲ. ಆಗ ಬಸವಕಲ್ಯಾಣದಿಂದ ಅಪ್ಪನ ಜೊತೆಗೇ ಬಂದಿದ್ದ ಗೆಳೆಯನೊಬ್ಬ ಮುಖ ಗಂಟು ಹಾಕಿ ಎದ್ದ.

‘ಗರತಿಯರು ಹಿಂಗ ಹಾಡಾಕತ್ತಿದ್ರ ಮನೆತನದ ಇಜ್ಜತ್ತು ಏನಾಗ್ತದ?’

ಎಲ್ಲರೂ ಅವ್ವನನ್ನು ನೋಡಿದರು. ಉತ್ತರ ಬಂದದ್ದು ಅಪ್ಪನಿಂದ.

‘ನಾ ಹಾಡಿದಾಗ ಇಜ್ಜತ್ತು ಹೋಗಿದ್ದಿಲ್ಲೇನು? ಇಷ್ಟು ದಿನಾ ನನ್ನ ಪಕ್ಕದಾಗ ಕುಂತು ತೊಡಿ ತಟ್ಟಿದ್ಯಲ್ಲಪ್ಪಾ ನೀ. ಇಕೀ ಹಾಡು ನನ್ನ ಹಾಡಿಗಿಂತ ದೊಡ್ಡದದ. ನಂದರಾಗ ಒಬ್ಬನೇ ಅದಾನ. ಇಕೀದರಾಗ ಇಬ್ಬರೂ ಅದಾರ.’

ಗೆಳೆಯ ಕೂತ. ಹಕೀಮ ಸಾಹೇಬರು ತಮ್ಮ ಹೆಗಲ ಮೇಲಿನ ಶಾಲು ತೆಗೆದು ನನ್ನ ಕೈಗೆ ಕೊಟ್ಟು, ‘ಹೋಗು, ನಿನ್ನ ಅವ್ವಗ ಹೊದಿಸು’ ಎಂದರು. ನಾನು ಓಡಿದೆ. ಬೆನ್ನು ಪೂರ್ತಿ ಮುಚ್ಚುವಂತೆ ಹೊದಿಸಲು ಹೋದೆ. ಅವ್ವ ಅದನ್ನು ತೆಗೆದು, ಹಾಡಿ ಗೆದ್ದ ಗಂಡಸರು ಹಾಕಿಕೊಳ್ಳುವಂತೆ, ಒಂದು ಹೆಗಲ ಮೇಲೆ ಹಾಕಿಕೊಂಡಳು.

ಮರುದಿನ ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಗಂಡಸರ ಕಡೆ ಹೋಗದೆ ನಮ್ಮ ಹಿಂದಿನ ಸೀಟಿನಲ್ಲಿ ಕೂತ. ಕೊಯ್ಲಾದ ತೊಗರಿ ಹೊಲಗಳು ಕಿಟಕಿಯ ಹೊರಗೆ ಹಿಂದೆ ಸರಿಯುತ್ತಿದ್ದಾಗ ಮುಂದಕ್ಕೆ ಬಾಗಿ ಕೇಳಿದ:

‘ಇನ್ನ ನಾ ಬರೀಬಾರದೇನು?’

‘ಬರೀಬ್ಯಾಡ್ರಿ ಅಂತ ಯಾವಾಗ ಅಂದೀನಿ?’ ಎಂದಳು ಅವ್ವ, ತಿರುಗದೆಯೇ. ‘ಬರೀರಿ. ಮೊದಲ ನನಗ ಓದ್ರಿ. ನಾ ಬ್ಯಾಡ ಅಂದದ್ದು ತೆಗೀರಿ.’

‘ಭಾಳ ತೆಗಸ್ತಿ ಏನು?’

‘ಭಾಳ ಇಲ್ಲ. ಆ ಹನಿ ಇರಲಿ. ಅದು ನನಗ ಪಸಂದ ಅದ.’

ಪಕ್ಕದಲ್ಲಿ ಆಯಿ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದ್ದಳು. ಅವಳ ಹೊಟ್ಟೆ ಮಾತ್ರ ನಗುವಿಗೆ ಕುಲುಕುತ್ತಿತ್ತು.

ಮುಂದೆ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ನಿಂತೆ. ಕಾಲ ಬದಲಾಗಿತ್ತು. ಹುಡುಗಿಯರು ನೇರವಾಗಿಯೇ ಕೇಳುತ್ತಿದ್ದರು: ಹೆಣ್ಣಿನ ಮೈಯನ್ನು ಹೀಗೆ ಬಣ್ಣಿಸುವ ಕಾವ್ಯವನ್ನು ನಾವು ಯಾಕೆ ಓದಬೇಕು, ಇದು ನಮಗೆ ಮಾಡಿದ ಅವಮಾನವಲ್ಲವೇ? ಹುಡುಗರು, ಇದು ಸೌಂದರ್ಯ, ನಿಮಗೆ ರಸಿಕತೆ ಇಲ್ಲ ಎನ್ನುತ್ತಿದ್ದರು. ಎರಡೂ ಮಾತನ್ನು ನಾನು ಒಂದೇ ಸಂಜೆ, ಒಂದೇ ತಾಟಿನ ಮುಂದೆ ಕೇಳಿದ್ದೆ. ಆದ್ದರಿಂದ ಶೃಂಗಾರವನ್ನು ನಾನು ಎಂದೂ ಬಯ್ಯಲಿಲ್ಲ, ಎಂದೂ ಸುಮ್ಮನೆ ಬಿಡಲೂ ಇಲ್ಲ. ಒಂದೊಂದು ಪದ್ಯಕ್ಕೂ ಅವ್ವನ ಪ್ರಶ್ನೆಗಳನ್ನೇ ಹಾಕಿಸುತ್ತಿದ್ದೆ. ಇವಳಿಗೆ ಬಾಯಿ ಇದೆಯೇ? ಇವಳಿಗೂ ಬೇಕೆನಿಸಿದೆಯೇ? ಹೊಗಳುವ ಮೊದಲು ಇವಳನ್ನು ಕೇಳಿದ್ದಾರೆಯೇ? ಕೆಲವು ಪದ್ಯಗಳು ಆ ಪ್ರಶ್ನೆಗಳ ಮುಂದೆ ಬಿದ್ದುಹೋದವು. ಕೆಲವು ಮೊದಲಿಗಿಂತ ಚಂದ ಕಂಡವು. ಹುಡುಗಿಯರು ಆಮೇಲೆ ತಾವೇ ಬರೆದು ತರತೊಡಗಿದರು.

ನನ್ನ ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ ಹುಮನಾಬಾದಿನಲ್ಲಿ ನನ್ನದೇ ಪ್ರೇಮದ ಪದ್ಯಗಳನ್ನು ಓದುವ ದಿನ ಬಂತು. ಹಕೀಮ ಸಾಹೇಬರು ತೀರಿಕೊಂಡಿದ್ದರು, ಅವರ ಮಗ ಅದೇ ಅಂಗಳದಲ್ಲಿ ಮಜಲೀಸು ಕರೆದಿದ್ದ. ಹೆಂಗಸರು ಗಂಡಸರು ಬೆರೆತು ಕೂತಿದ್ದರು. ನಾನು ಓದಿದ್ದು ನನ್ನ ಗಂಡನ ಕೈಗಳ ಮೇಲೆ, ಕುತ್ತಿಗೆಯ ಮೇಲೆ, ಅವನು ನಿದ್ದೆಯಿಂದ ಏಳುವ ರೀತಿಯ ಮೇಲೆ ಬರೆದ ಪದ್ಯ. ಅದನ್ನು ಮೊದಲು ಅವನಿಗೆ ಓದಿದ್ದೆ. ಒಂದು ಸಾಲು ಬೇಡ ಎಂದಿದ್ದ, ತೆಗೆದಿದ್ದೆ. ಓದಿ ಮುಗಿಸಿದಾಗ ಅಪ್ಪ ತನ್ನ ಗೆಳೆಯರ ನಡುವೆ ತಲೆ ತಗ್ಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವ, ನರೆತ ತಲೆಯ ಮೇಲಿನ ಸೆರಗು ಜಾರಿದ್ದನ್ನೂ ಲೆಕ್ಕಿಸದೆ ಕೈಯೆತ್ತಿ ಕೂಗಿದಳು:

‘ಇನ್ನೊಮ್ಮೆ ಓದವಾ ಕಸ್ತೂರಿ! ಹಿಂದ ಕುಂತವರಿಗೆ ಕೇಳ್ಸಿಲ್ಲ!’

ನಾನು ಇನ್ನೊಮ್ಮೆ ಓದಿದೆ, ಮೊದಲಿಗಿಂತ ಗಟ್ಟಿಯಾಗಿ.